ಧಾರವಾಡದ ಗಾಳಿಗೆ ಹದವಾದ ಎಂಜಿನ್

ಪಕ್ಕದ ಮನೆಯ ಹುಡುಗಿ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಮೊನ್ನೆ ಅವಳ ತಾಯಿ ಕೂಸಿನ ನೆತ್ತಿಗೆ ಹಾಕಲು ಔಡಲೆಣ್ಣೆ ಕಾಯಿಸಲಿಟ್ಟು, ಫೋನಿನಲ್ಲಿ ಮಾತಾಡುತ್ತ ಮರೆತುಬಿಟ್ಟರು. ಎಣ್ಣೆ ಸೀದ ವಾಸನೆ ಗೋಡೆ ದಾಟಿ ನನ್ನ ಅಡುಗೆಮನೆಗೆ ಬಂತು. ಅವರು ಕಿಟಕಿಯಿಂದಲೇ, "ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ, ಭಾಳ ಹೊಲಸ ನಾರಾಕತ್ತೇತಿ," ಅಂದರು. "ಇರಲಿ ಬಿಡ್ರಿ, ನನಗ ಛಲೋ ಅನಸ್ತದ," ಅಂದೆ. ಮುದುಕಿಯ ಮೂಗು ಕೆಟ್ಟಿದೆ ಎಂದುಕೊಂಡಿರಬೇಕು. ಮೂಗು ಸರಿಯಾಗಿಯೇ ಇದೆ. ಓಟದ ಮೋಟರ್ ಸೈಕಲ್ಲಿನ ಎಂಜಿನ್‌ಗೆ ಆ ಕಾಲದಲ್ಲಿ ಇದೇ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಹಾಕುತ್ತಿದ್ದರು; ಅಷ್ಟು ಕಾವು ತಡೆಯುವ ಬೇರೆ ಎಣ್ಣೆ ಸುಲಭವಾಗಿ ಸಿಗುತ್ತಿರಲಿಲ್ಲ. ಅದು ಸುಟ್ಟಾಗ ಬರುವ ವಾಸನೆಯನ್ನು ನಾನು ಒಂದು ಇಡೀ ಮಳೆಗಾಲ ಸೀರೆಯ ಸೆರಗಿನಲ್ಲಿ ಹೊತ್ತು ತಿರುಗಿದ್ದೇನೆ.

ಈಗ ನಾನಿರುವುದು ನವನಗರದಲ್ಲಿ. ಆಗ ಇಲ್ಲಿ ಮನೆಗಳಿರಲಿಲ್ಲ. ಹುಬ್ಬಳ್ಳಿ–ಧಾರವಾಡ ರಸ್ತೆ, ಎರಡೂ ಕಡೆ ಹೊಲ, ನಡುವೆ ಉಸಿರು ಹಿಡಿಸುವಂಥ ಒಂದು ಏರು. ಎತ್ತಿನ ಗಾಡಿಯವರು ಆ ಏರಿಗೆ ಬಂದಾಗ ಇಳಿದು ನಡೆಯುತ್ತಿದ್ದರು. ನಾನು ಆ ಏರಿನ ತಲೆಯ ಮೇಲೆ ಛತ್ರಿ ಹಿಡಿದು ನಿಂತಿರುತ್ತಿದ್ದೆ. ಯಾಕೆ ನಿಂತಿರುತ್ತಿದ್ದೆ ಎಂಬುದೇ ಈ ಕಥೆ.

ಅರವತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಧಾರವಾಡದ ಒಂದು ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಕೆಲಸ ಸಿಕ್ಕಿತು. ಚಿಕ್ಕೋಡಿ ಕಡೆಯ ಹಳ್ಳಿಯಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಬಂದೆ. ಅಪ್ಪ ಸಾಲಿ ಮಾಸ್ತರು. ಅದಕ್ಕೆ ಕೆಲವೇ ವರ್ಷ ಮುಂಚೆ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು, ಮನೆಮಂದಿಯೆಲ್ಲ ಬೌದ್ಧರಾಗಿದ್ದೆವು. ಸಪ್ತಾಪುರದಲ್ಲಿ ಖೋಲಿ ಹುಡುಕಿದೆ. ಬರ್ರಿ ಕೂಡ್ರಿ ಅನ್ನುತ್ತಿದ್ದರು, ನೀರು ಕೊಡುವ ಮುಂಚೆ ಊರು ಕೇಳುತ್ತಿದ್ದರು, ಊರು ಕೇಳಿದ ಮೇಲೆ ಅಪ್ಪನ ಹೆಸರು ಕೇಳುತ್ತಿದ್ದರು. ಅಪ್ಪನ ಹೆಸರು ಕೇಳಿದ ಮೇಲೆ, ಖೋಲಿ ನಿನ್ನೆಯೇ ಬೇರೆಯವರಿಗೆ ಮಾತಾಗಿದೆ ಎಂಬುದು ಅವರಿಗೆ ನೆನಪಾಗುತ್ತಿತ್ತು. ಧಾರವಾಡದ ಮಂದಿಯ ಸೌಜನ್ಯ ದೊಡ್ಡದು. ಇಲ್ಲ ಅನ್ನುವುದನ್ನೂ ರೀ ಹಚ್ಚಿ ಹೇಳುತ್ತಿದ್ದರು. ಕೊನೆಗೆ ನಿವೃತ್ತ ಮುಖ್ಯೋಪಾಧ್ಯಾಯಿನಿ ಸಲೋಮಿಬಾಯಿ ಎಂಬ ಕ್ರಿಶ್ಚಿಯನ್ ಮುದುಕಿ ತಮ್ಮ ಹಿತ್ತಲಿನ ಖೋಲಿ ಕೊಟ್ಟರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ರಾತ್ರಿ ರೇಡಿಯೋ ಹಚ್ಚತೀಯೇನು?" ನನ್ನ ಹತ್ತಿರ ರೇಡಿಯೋ ಇರಲಿಲ್ಲ.

ಒಂಟಿತನ ಎಂದರೆ ಮಾತಾಡಲು ಯಾರೂ ಇಲ್ಲದಿರುವುದು ಎಂದು ಜನ ತಿಳಿದಿರುತ್ತಾರೆ. ನನಗೆ ದಿನವಿಡೀ ಮಾತೇ ಮಾತು. ಹುಡುಗರನ್ನು ತಿದ್ದಬೇಕು, ಬೈಯಬೇಕು, ಕನ್ನಡಿ ಎಲ್ಲಿಡಬೇಕು ಎಂದು ತೋರಿಸಬೇಕು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಚಹಾ ಬರುತ್ತಿತ್ತು, ನನಗೂ ಬರುತ್ತಿತ್ತು. ನನ್ನ ಚಹಾದ ಕಪ್ ಮಾತ್ರ ಬೇರೆ ಬಣ್ಣದ್ದಿರುತ್ತಿತ್ತು. ಅದರ ಬಗ್ಗೆ ಯಾರೂ ಒಂದಕ್ಷರ ಅಂದವರಲ್ಲ, ನಾನೂ ಅನ್ನಲಿಲ್ಲ. ಸಂಜೆ ಖೋಲಿಗೆ ಬಂದು ಬಾಗಿಲು ಹಾಕಿಕೊಂಡರೆ ಮಳೆ ಹಂಚಿನ ಮೇಲೆ ಬೀಳುವ ಸದ್ದು ಬಿಟ್ಟರೆ ಮತ್ತೇನಿಲ್ಲ. ಆಗ ನನಗೆ ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಪಾತ್ರೆ ತಿಕ್ಕುತ್ತಿದ್ದೆ.

ಮಳೆ ಶುರುವಾದ ಹೊಸತರಲ್ಲಿ ಒಂದು ದಿನ ಲ್ಯಾಬಿನ ಬಾಗಿಲಲ್ಲಿ ಗದ್ದಲ. ಗೋಣಿಚೀಲದಲ್ಲಿ ಏನೋ ಸುತ್ತಿಕೊಂಡು ಬಂದ ಒಬ್ಬ ಗಂಡಸನ್ನು ಪ್ಯೂನ್ ಹೊರಗೆ ಹಾಕುತ್ತಿದ್ದ. ಕೆಮಿಸ್ಟ್ರಿಯವರು ಅದಾಗಲೇ ಓಡಿಸಿದ್ದರಂತೆ. ಮೂವತ್ತರ ಆಚೀಚೆ ವಯಸ್ಸು, ಒದ್ದೆ ಅಂಗಿ, ಉಗುರಿನ ಸಂದಿಯಲ್ಲೆಲ್ಲ ಮಸಿ.

"ಏನ ಬೇಕಾಗಿತ್ರಿ?" ಎಂದೆ.

"ಈ ಒಲ್ಯಾಗ ಎಷ್ಟ ಹಿಡಸ್ತೈತಿ ಅಂತ ಅಳೀಬೇಕಾಗೇತ್ರಿ ಬಾಯಾರ. ಗೀರ ಹಾಕಿದ್ದ ಗಾಜಿನ ನಳಿಗಿ ಇರತಾವಲ್ಲ, ಅದೊಂದ ಕೊಡ್ರಿ. ಇಲ್ಲೇ ನಿಂತ ಅಳದ ಕೊಟ್ಟ ಹೋಗ್ತೇನಿ."

"ಎಂಥಾ ಒಲಿ?"

ಅವರು ಗೋಣಿಚೀಲ ಬಿಚ್ಚಿದರು. ಒಂದು ಮೋಟರ್ ಸೈಕಲ್ ಎಂಜಿನ್ನಿನ ತಲೆ, ಎಲ್ಲರೂ ಹೆಡ್ಡು ಎನ್ನುವುದು. ಮಗುಚಿ ತೋರಿಸಿದಾಗ ಒಳಗೆ ಅಂಗೈ ಗುಂಡಿಯಷ್ಟು ತಗ್ಗು, ಕನ್ನಡಿಯಂತೆ ತಿಕ್ಕಿದ್ದು. ಪೆಟ್ರೋಲು ಬೆರೆತ ಗಾಳಿಯನ್ನು ಕೆಳಗಿನಿಂದ ಪಿಸ್ಟನ್ ಆ ತಗ್ಗಿಗೆ ಒತ್ತುತ್ತದೆ, ಪ್ಲಗ್ಗು ಕಿಡಿ ಹಾರಿಸುತ್ತದೆ, ಬೆಂಕಿ ಪಿಸ್ಟನ್ನನ್ನು ಹಿಂದಕ್ಕೆ ನೂಕುತ್ತದೆ. ನಮ್ಮ ಪುಸ್ತಕದಲ್ಲಿ ಅದಕ್ಕೆ ದಹನಕೋಣೆ ಎಂದು ಹೆಸರು. ಅವರು ಒಲಿ ಅನ್ನುತ್ತಿದ್ದರು.

ಅವರ ಹೆಸರು ವಿಠಲಸಾ. ಹುಬ್ಬಳ್ಳಿಯ ಕಮರಿಪೇಟೆಯವರು, ಖಾರದ ಅಡುಗೆಗೆ ಹೆಸರಾದ ಸಾವಜಿ ಮಂದಿ. ಅಕ್ಕನ ಖಾನಾವಳಿಯ ಹಿಂದೆ ತಗಡಿನ ಶೆಡ್ಡಿನಲ್ಲಿ ಹೊಲದ ನೀರಿನ ಪಂಪು, ಮೋಟರ್ ಸೈಕಲ್ ರಿಪೇರಿ ಮಾಡುತ್ತಿದ್ದರು. ಯುದ್ಧದ ಕಾಲದಲ್ಲಿ ಸೈನ್ಯದವರು ಓಡಿಸಿ ಬಿಟ್ಟ ಒಂದು ಗಾಡಿಯನ್ನು ಓಟಕ್ಕೆ ಹದ ಮಾಡುತ್ತಿದ್ದರು. ದಸರಾ ಮುಗಿದ ಮೇಲೆ ಮದ್ರಾಸಿನ ಹತ್ತಿರ ವಿಮಾನ ಇಳಿಯುತ್ತಿದ್ದ ಹಳೆಯ ಬಯಲಿನಲ್ಲಿ ಓಟವಿತ್ತು.

"ಅಲ್ಲಿ ಗಾಡಿ ಕಂಪನಿಯವರು ಬಂದ ಕುಂದರತಾರ್ರಿ," ಅಂದರು. "ಯಾರ ಎಂಜಿನ್ ಹೆಂಗ ಹದಾ ಮಾಡ್ಯಾರ ಅಂತ ನೋಡತಾರ. ಒಮ್ಮೆ ಅವರ ಕಣ್ಣಿಗೆ ಬಿದ್ರ ನೌಕರಿ ಕೊಟ್ಟ ಅಲ್ಲೇ ಇಟ್ಕೋತಾರ. ಇಲ್ಲಾಂದ್ರ ಸಾಯೂತನಕ ಪಂಪ್ ರಿಪೇರಿ."

ಹೀಗೆ ಮೊದಲ ದಿನವೇ ನನಗೆ ತಿಳಿದಿತ್ತು: ಈ ಒಲೆ ಚೆನ್ನಾಗಿ ಉರಿದರೆ ಈ ಮನುಷ್ಯ ಊರು ಬಿಡುತ್ತಾರೆ. ಆ ದಿನ ಅದು ನನಗೆ ಸಂಬಂಧವಿಲ್ಲದ ಸಂಗತಿಯಾಗಿತ್ತು.

ಹೆಡ್ಡಿನ ಬಾಯಿಗೆ ಗ್ರೀಸ್ ಹಚ್ಚಿ, ನಡುವೆ ತೂತಿದ್ದ ಗಾಜಿನ ತುಂಡು ಮುಚ್ಚಿ, ಗೀರು ಹಾಕಿದ ನಳಿಗೆ, ಬ್ಯೂರೆಟ್ಟಿನಿಂದ, ಆ ತೂತಿನೊಳಗೆ ಸೀಮೆಎಣ್ಣೆ ಬಿಟ್ಟೆವು. ಒಂದು ಗಾಳಿಯ ಗುಳ್ಳೆ ಮೂಲೆಯಲ್ಲಿ ಸಿಕ್ಕಿಕೊಂಡಿತು. ಎಷ್ಟು ಓರೆ ಮಾಡಿದರೂ ಹೊರಗೆ ಬರಲಿಲ್ಲ. ಅವರು ಒಂದೇ ಸಮನೆ ತಟ್ಟುತ್ತಿದ್ದರು. ನಾನು ಗುಳ್ಳೆಯನ್ನೇ ನೋಡುತ್ತಿದ್ದೆ.

"ನಿಮ್ಮ ತೊಂದ್ರಿ ಏನು, ಹೇಳ್ರಿ," ಎಂದೆ.

"ಜಾಸ್ತಿ ಒತ್ತಿದಷ್ಟೂ ಜೋರ ಬರತೈತ್ರಿ. ಆದ್ರ ಒಂದ ಹದಕ್ಕ ಬಂದ ಮ್ಯಾಲೆ ಒಳಗ ಬಡ್ಯಾಕ ಶುರು. ತಗಡಿನ ಡಬ್ಯಾಗ ಮೊಳಿ ಹಾಕಿ ಅಲುಗಾಡಿಸಿದಂಗ. ಹಂಗ ಓಡಿಸಿದ್ರ ಪಿಸ್ಟನ್ ತೂತ ಬೀಳತೈತಿ."

"ಗುಳ್ಳಿ ಕುಂತದ ನೋಡ್ರಿ, ಅದ ಪ್ಲಗ್ಗಿನಿಂದ ಎಲ್ಲಾಕಿಂತ ದೂರದ ಮೂಲಿ. ಬೆಂಕಿನೂ ಅಲ್ಲಿಗೆ ಕಡೀಕ ಹೋಗತದ. ಅದು ಬರೂದ್ರೊಳಗ ಆ ಮೂಲ್ಯಾಗಿನ ಗ್ಯಾಸು ಒತ್ತಿ ಒತ್ತಿ ಕಾಯ್ದು ತಾನ ಹತ್ತಿಕೋತದ. ಎರಡ ಬೆಂಕಿ ಡಿಕ್ಕಿ ಹೊಡೀತಾವ. ಅದ ನಿಮ್ಮ ಬಡಿತ."

ನಾನು ಜೀವಮಾನದಲ್ಲಿ ಎಂಜಿನ್ ಬಿಚ್ಚಿದವಳಲ್ಲ. ಆದರೆ ಒತ್ತಿದ ಅನಿಲ ಕಾಯುತ್ತದೆ ಎಂಬುದನ್ನು ವರ್ಷವಿಡೀ ಕಲಿಸುತ್ತಿದ್ದೆ. ಕಲಿಸಿದ್ದು ಎಲ್ಲಾದರೂ ನಡೆಯುತ್ತದೆ ಎಂದು ನನಗೂ ಅಂದೇ ಗೊತ್ತಾದದ್ದು.

ವಿಠಲಸಾ ತಟ್ಟುವುದನ್ನು ನಿಲ್ಲಿಸಿ ಗಾಜಿನ ಮೇಲೆ, ಗುಳ್ಳೆ ಇದ್ದಲ್ಲಿ, ಬೆರಳಿಟ್ಟರು. ಆಮೇಲೆ, "ಆ ಮೂಲಿನ ತುಂಬಿಸಿಬಿಟ್ರ?" ಅಂದರು.

ಮೂಲೆಯೇ ಇಲ್ಲದಿದ್ದರೆ ಗ್ಯಾಸು ಎಲ್ಲಿ ನಿಲ್ಲಬೇಕು. ನಾನು ಅಷ್ಟು ದೂರ ಯೋಚಿಸಿರಲಿಲ್ಲ, ಅವರು ಗುಳ್ಳೆಯಷ್ಟು ಹತ್ತಿರ ನೋಡಿರಲಿಲ್ಲ. ಆ ವಾರ ನಾನು ಲೈಬ್ರರಿಯಲ್ಲಿ ಸಿಕ್ಕ ಎಂಜಿನ್ನಿನ ಪುಸ್ತಕಗಳನ್ನೆಲ್ಲ ತಿರುವಿದೆ. ಅಂಚಿನಲ್ಲಿ ಹೆಡ್ಡು ಮತ್ತು ಪಿಸ್ಟನ್ ಮುಟ್ಟಿಯೂ ಮುಟ್ಟದ ಹಾಗೆ ಹತ್ತಿರ ಬಂದರೆ, ಅಲ್ಲಿದ್ದ ಗ್ಯಾಸು ಹಿಂಡಿ ನಡುವಿಗೆ, ಪ್ಲಗ್ಗಿನ ಕಡೆಗೆ ಚಿಮ್ಮುತ್ತದೆ. ಬೆಂಕಿ ಬೇಗ ಹರಡುತ್ತದೆ. ಹೆಚ್ಚು ಒತ್ತಿದರೂ ಬಡಿಯುವುದಿಲ್ಲ. ಶನಿವಾರ ಚಿತ್ರ ಬರೆದುಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದೆ. ಯಾರೂ ಕರೆದಿರಲಿಲ್ಲ.

ಕಮರಿಪೇಟೆಯ ಆ ಖಾನಾವಳಿಗೆ ಕಾಲಿಟ್ಟರೆ ಮಸಾಲೆಯ ಘಾಟಿಗೆ ಸೀನು ಬರುತ್ತಿತ್ತು. ಒಲೆಯ ಮುಂದೆ ಕುಳಿತಿದ್ದ ಅಕ್ಕ ಅಂಬಾಬಾಯಿ, ವಿಠಲಸಾಗಿಂತ ಹತ್ತು ವರ್ಷ ದೊಡ್ಡವರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಅಪ್ಪನ ಹೆಸರು ಹೇಳಲು ಸಿದ್ಧಳಾದೆ. ಅವರು ಅಷ್ಟು ಸುತ್ತು ಬರಲಿಲ್ಲ.

"ಯಾವ ಮಂದಿ ನೀವು?"

"ನಾವು ಬೌದ್ಧರ್ರಿ."

"ಹಂಗಂದ್ರ?"

"ಬುದ್ಧನ ಮಂದಿ."

"ಖಾರ ಉಣತೀರಿಲ್ಲೋ?"

"ಉಣತೇವ್ರಿ."

"ಹಂಗಾರ ಕುಂದ್ರು," ಅಂದರು.

ಅಲ್ಲಿಂದ ದಸರಾವರೆಗೆ ನನ್ನ ಶನಿವಾರ, ಭಾನುವಾರಗಳೆಲ್ಲ ಆ ತಗಡಿನ ಶೆಡ್ಡಿನಲ್ಲಿ ಕಳೆದವು. ಕಬ್ಬಿಣದ ಹೆಡ್ಡಿನ ಮೂಲೆಗೆ ಹಿತ್ತಾಳೆ ಕರಗಿಸಿ ತುಂಬಿಸಿದೆವು. ಮೊದಲ ಸಲ ಹಿತ್ತಾಳೆ ಅಂಟಿದ ಹಾಗೆ ಮಾಡಿ, ಆರುವಾಗ ಕಟಕ್ಕೆಂದು ಬಿರಿದು ಬಂತು. ಹೆಡ್ಡು ಒಂದು ಕಡೆ ಕಾದು ಒಂದು ಕಡೆ ತಣ್ಣಗಿದ್ದರೆ ಹೀಗೇ ಆಗುತ್ತದೆ. ಇಡಿಯಾಗಿ ಕಾಯಿಸಬೇಕು, ಇಡಿಯಾಗಿ ನಿಧಾನ ಆರಿಸಬೇಕು. ಅಷ್ಟು ದೊಡ್ಡ, ಸಮನಾದ ಬೆಂಕಿ ಎಲ್ಲಿದೆ? ಅಂಬಾಬಾಯಿಯ ಒಲೆಯಲ್ಲಿದೆ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಅಕ್ಕ–ತಮ್ಮ ತಮ್ಮ ಮನೆಮಾತಿನಲ್ಲಿ ದೊಡ್ಡ ಜಗಳ ಮಾಡಿದರು. ನನಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಯಾರು ಸೋತರೆಂದು ತಿಳಿಯಿತು. ಹೆಡ್ಡು ಒಲೆಗೆ ಬಿತ್ತು. ಕೆಂಪಗೆ ಕಾಯ್ದ ಮೇಲೆ ಹೊರತೆಗೆದು ಹಿತ್ತಾಳೆ ತುಂಬಿ, ಮತ್ತೆ ಬಿಸಿ ಬೂದಿಯೊಳಗೆ ಹೂತಿಟ್ಟೆವು. ಸಂಜೆ ಊಟಕ್ಕೆ ಬಂದ ರೇಲ್ವೆ ಕೆಲಸಗಾರರು ಬೂದಿಯಲ್ಲಿ ಏನಿದೆ ಎಂದು ಕೇಳಿದರೆ ಅಂಬಾಬಾಯಿ, "ನಮ್ಮ ತಮ್ಮನ ಬದನಿಕಾಯಿ. ಇನ್ನೂ ಬೆಂದಿಲ್ಲ, ತಡೀರಿ," ಅನ್ನುತ್ತಿದ್ದರು.

ಈ ಸಲ ಹಿತ್ತಾಳೆ ಬಿರಿಯಲಿಲ್ಲ. ಅದನ್ನು ಲೇತ್ ಯಂತ್ರಕ್ಕೆ ಹಾಕಿ ಕಡೆಸಿದ ಮೇಲೆ ಅಂಚಿನಲ್ಲಿ ಎಷ್ಟು ಸಂದಿ ಉಳಿದಿದೆ ಎಂದು ನೋಡಬೇಕಿತ್ತು. ಪಿಸ್ಟನ್ನಿನ ತಲೆಯ ಮೇಲೆ ಹಿಟ್ಟಿನ ಉಂಡೆ ಇಟ್ಟು, ಹೆಡ್ಡು ಬಿಗಿದು, ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಬಿಚ್ಚುತ್ತಿದ್ದೆವು. ಒತ್ತಿ ತೆಳುವಾದ ಹಿಟ್ಟನ್ನು ಬ್ಲೇಡಿನಿಂದ ಕೊಯ್ದು ದಪ್ಪ ಅಳೆದರೆ ಅದೇ ಸಂದಿ. ಮೊದಲು ಜೋಳದ ಹಿಟ್ಟು ಕೊಟ್ಟರು. ಅದು ರೊಟ್ಟಿಯ ಅಂಚಿನ ಹಾಗೆ ಬಿರಿಯಿತು. ಹೋಳಿಗೆಗೆ ನಾದಿದ ಕಣಕವೇ ಬೇಕು ಎಂದಾಗ ಅಂಬಾಬಾಯಿ ಕೈ ತೊಳೆದುಕೊಂಡು ಬಂದು ನಾದಿ ಕೊಟ್ಟು, "ಮಂದಿ ದೇವರಿಗೆ ಹೋಳಿಗಿ ಮಾಡತಾರ, ನೀವು ಎಂಜಿನ್ನಿಗೆ," ಎಂದರು. ಅಳೆದು ಬಿಟ್ಟ ಆ ಕಣಕವನ್ನು ಓಣಿಯ ನಾಯಿ ಮೂಸಿ ನೋಡಿ ಹೊರಟುಹೋಯಿತು.

ಆಮೇಲೆ ಏರಿನ ಕೆಲಸ. ಹುಬ್ಬಳ್ಳಿ ಕಡೆಯಿಂದ ಅವರು ಪೂರ್ತಿ ಜೋರಿನಲ್ಲಿ ಏರು ಹತ್ತುತ್ತಿದ್ದರು. ನಾನು ಮೇಲೆ ನಿಂತು ಬಡಿತ ಕೇಳುತ್ತಿದ್ದೆ. ಸವಾರನಿಗೆ ಗಾಳಿಯ ಸದ್ದಿನಲ್ಲಿ ಅದು ಸರಿಯಾಗಿ ಕೇಳುವುದಿಲ್ಲ, ಬದಿಯಲ್ಲಿ ನಿಂತವರಿಗೆ ಕೇಳುತ್ತದೆ. ಪ್ರತಿ ವಾರ ಹೆಡ್ಡನ್ನು ತುಸು ಕೆಳಗಿಳಿಸುವುದು, ಬಡಿತ ಶುರುವಾಗುವ ಅಂಚಿಗೆ ಹೋಗುವುದು, ಒಂದು ಕೂದಲೆಳೆ ಹಿಂದೆ ಬರುವುದು. ಧಾರವಾಡದ ಜಿಟಿಜಿಟಿ ಮಳೆ ಬೀಳುತ್ತಲೇ ಇರುತ್ತಿತ್ತು, ತಣ್ಣನೆ ಗಾಳಿ. ದೂರದಿಂದ ಎಂಜಿನ್ನಿನ ಸದ್ದು ಬರುವುದಕ್ಕೆ ಮುಂಚೆಯೇ ನನಗೆ ಗೊತ್ತಾಗುತ್ತಿತ್ತು. ಶ್ರಾವಣ ಮುಗಿಯುವ ಹೊತ್ತಿಗೆ ಆ ಗಾಡಿ ಏರು ಹತ್ತುವಾಗ ಒಂದೇ ಒಂದು ಮೊಳೆಯ ಸದ್ದೂ ಇಲ್ಲದೆ, ಬಟ್ಟೆ ಹರಿದ ಹಾಗೆ ಶುದ್ಧವಾಗಿ ಕೂಗಿಕೊಂಡು ಹೋಯಿತು. ಅವರು ಮುಂದೆ ಹೋಗಿ ತಿರುಗಿ ಬಂದು, ಗಾಡಿ ನಿಲ್ಲಿಸಿ, ಮುಖದ ನೀರು ಒರೆಸಿಕೊಂಡರು.

"ಬಡೀತೇನ್ರಿ?"

"ಇಲ್ರಿ."

"ಖರೇ?"

"ಖರೇನ ಇಲ್ಲ."

ನನಗೆ ಅವರ ಮೇಲೆ ಮನಸ್ಸಾಗಿತ್ತು. ಇದನ್ನು ಹೇಳಲು ಈ ವಯಸ್ಸಿನಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ; ಆಗ ಮಾತ್ರ ನನಗೆ ನಾನೇ ಹೇಳಿಕೊಂಡಿರಲಿಲ್ಲ. ಅವರಿಗೂ ಹಾಗೆ ಅನಿಸಿತ್ತೇ ಎಂದು ಕೇಳಬೇಡಿ. ಅವರು ನನ್ನನ್ನು ಬಾಯಾರ ಎನ್ನುವುದು ಒಂದು ದಿನವೂ ಬಿಡಲಿಲ್ಲ. ಆದರೆ ಧಾರವಾಡದಲ್ಲಿ ನಾನು ಬಾಯಿ ತೆರೆಯುವುದನ್ನು ಕಾದು ಕೂತು ಕೇಳಿದ ಮನುಷ್ಯ ಅವರೊಬ್ಬರೇ. ಅಷ್ಟೇ ಸಾಕಾಗಿತ್ತು. ಎಂಜಿನ್ ಸುಧಾರಿಸಿದ ಹಾಗೆಲ್ಲ ನನ್ನ ಶನಿವಾರಗಳು ಕಡಿಮೆಯಾಗುತ್ತಿದ್ದವು ಎಂಬುದು ನನಗೆ ಗೊತ್ತಿತ್ತು. ಆದರೂ ಒಂದು ವಾರವೂ ತಪ್ಪಿಸಲಿಲ್ಲ.

ಕಾಲೇಜಿನಲ್ಲಿ ಮಾತು ಹುಟ್ಟಿತು. ವಿಭಾಗದ ಮುಖ್ಯಸ್ಥರು ಕರೆದು, "ರಸ್ತಾದಾಗ ಛತ್ರಿ ಹಿಡಕೊಂಡ ನಿಲ್ಲೂದು ಶೋಭಿಸೂದಿಲ್ಲ ನೋಡ್ರಿ," ಎಂದರು. "ಪ್ರಯೋಗ ಮಾಡಾಕತ್ತೇನ್ರಿ ಸರ್," ಎಂದೆ. ಎಂಥ ಪ್ರಯೋಗ ಎಂದು ಅವರು ಕೇಳಲಿಲ್ಲ, ಕೇಳಿದರೆ ಹೇಳುತ್ತಿದ್ದೆ. ಸಲೋಮಿಬಾಯಿ ಮಾತ್ರ ನನ್ನ ಸೆರಗು ಮೂಸಿ, "ನಿನಗ ಹೊಟ್ಟಿ ಕೆಟ್ಟದೇನು? ಔಡಲೆಣ್ಣಿ ಕುಡಿದೀ?" ಎಂದು ಗಾಬರಿಯಾಗಿದ್ದರು.

ದಶಮಿಯ ಸಂಜೆ ವಿಠಲಸಾ ಅದೇ ಗಾಡಿಯ ಮೇಲೆ ಸಪ್ತಾಪುರಕ್ಕೆ ಬಂದರು. ಆ ಸದ್ದಿಗೆ ಓಣಿಯೆಲ್ಲ ಹೊರಗೆ ಬಂತು. ಕೈಯಲ್ಲಿ ಬನ್ನಿ ಎಲೆ. ನಮ್ಮ ಮನೆಯಲ್ಲಿ ಆ ದಿನಕ್ಕೆ ಬೇರೆ ಅರ್ಥವಿತ್ತು, ದೀಕ್ಷೆಯ ದಿನ. ಬೆಳಿಗ್ಗೆ ಒಬ್ಬಳೇ ಕುಳಿತು ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿದ್ದೆ. ಆದರೂ ಕೈಯೊಡ್ಡಿದೆ.

"ಬನ್ನಿ ತಗೊಂಡ ಬಂಗಾರದಂಗ ಇರೂಣ್ರಿ," ಅಂದು ಎಲೆ ಇಟ್ಟರು. "ನಾಳೆ ಸಂಜೀಕ ರೇಲ್ವೆ ಗಾಡಿ. ಇವತ್ತ ರಾತ್ರಿ ಎಂಜಿನ್ ಬಿಚ್ಚಿ ಪೆಟ್ಟಿಗ್ಯಾಗ ಕಟ್ಟತೇನಿ. ಗೆದ್ದ ಬರ್ರಿ ಅನ್ನೂದಿಲ್ಲೇನ್ರಿ?"

"ಗೆದ್ರ ನೀವು ಬರೂದಿಲ್ಲಲ್ಲ."

ಹೇಳಬಾರದಿತ್ತು, ಬಂದುಬಿಟ್ಟಿತು. ಅವರು ಗಾಡಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಓಣಿಯ ಮಂದಿ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಆಮೇಲೆ ಅವರು ಮದ್ರಾಸಿನಲ್ಲಿ ತಾವು ಇಳಿಯುವ ಲಾಡ್ಜಿನ ಹೆಸರು ಹೇಳಿ, "ಏನರ ಹೊಳದ್ರ ತಿಳಸ್ರಿ ಬಾಯಾರ," ಅಂದು ಗಾಡಿಗೆ ಕಿಕ್ ಹೊಡೆದು ಹೊರಟರು.

ರಜೆ ಮುಗಿದು ಕಾಲೇಜು ತೆರೆದ ದಿನ ಲ್ಯಾಬಿನಲ್ಲಿ ತೋಂಡಿ, ಅಂದರೆ ಬಾಯಿಮಾತಿನ, ಪರೀಕ್ಷೆ ಇತ್ತು. ಒಬ್ಬ ಹುಡುಗಿಯನ್ನು, ಇಂದಿನ ಗಾಳಿಯ ಒತ್ತಡ ಎಷ್ಟು ಎಂದು ಕೇಳಿದೆ. ಗೋಡೆಯ ಮೇಲೆ ಬ್ಯಾರೋಮೀಟರ್ ತೂಗುತ್ತಿತ್ತು. ಅವಳು ಅದರ ಕಡೆ ತಿರುಗಿಯೂ ನೋಡದೆ, "ಎಪ್ಪತ್ತಾರ ಸೆಂಟಿಮೀಟರ್ ಪಾದರಸ ರೀ," ಅಂದಳು. ಪುಸ್ತಕದಲ್ಲಿ ಇರುವುದು ಅದೇ. ಪ್ರತಿ ವರ್ಷ ಪ್ರತಿ ತಂಡದಲ್ಲೂ ಹೀಗೆ ಹೇಳುವವರಿರುತ್ತಾರೆ. ಪುಸ್ತಕದ್ದು ಸಮುದ್ರದ ಮಟ್ಟದ ಲೆಕ್ಕ. ನಾವು ಅದಕ್ಕಿಂತ ಎಷ್ಟೋ ಎತ್ತರದಲ್ಲಿದ್ದೇವೆ. ಇಲ್ಲಿ ಪಾದರಸ ಎಪ್ಪತ್ತರ ಆಚೀಚೆ ನಿಲ್ಲುತ್ತದೆ.

"ಎಪ್ಪತ್ತಾರ ಅನ್ನಾಕ ನೀ ಏನ ಮದ್ರಾಸಿನ್ಯಾಗ ನಿಂತೀಯೇನು? ತಿರುಗಿ ನೋಡಿ ಹೇಳು," ಎಂದು ಗದರಿದೆ.

ಗದರಿದ ಬಾಯಿ ಹಾಗೇ ನಿಂತಿತು. ಹುಡುಗಿ ಬ್ಯಾರೋಮೀಟರ್ ನೋಡಿ ಏನೋ ಹೇಳಿದಳು, ನನಗೆ ಕೇಳಲಿಲ್ಲ.

ನಾವು ಇಡೀ ಮಳೆಗಾಲ ಎಂಜಿನ್ನನ್ನು ಬಡಿತದ ಅಂಚಿಗೆ ಒಯ್ದು ಒಂದು ಕೂದಲೆಳೆ ಹಿಂದೆ ತಂದಿದ್ದೆವು. ಯಾವ ಅಂಚು? ಧಾರವಾಡದ ಹಗುರ ಗಾಳಿಯ ಅಂಚು. ತಣ್ಣನೆಯ, ತೇವದ, ಎತ್ತರದ ಗಾಳಿಯ ಅಂಚು. ಮದ್ರಾಸಿನ ಸಮುದ್ರದ ದಂಡೆಯಲ್ಲಿ ಅದೇ ಎಂಜಿನ್ ಒಂದೊಂದು ಗುಟುಕಿಗೂ ಹೆಚ್ಚು ಗಾಳಿ ನುಂಗುತ್ತದೆ, ಅದೇ ಒಲೆಯಲ್ಲಿ ಅಷ್ಟನ್ನೂ ಒತ್ತುತ್ತದೆ, ಮೇಲಿಂದ ಬಿಸಿಲು. ಕೂದಲೆಳೆ ಎಲ್ಲಿ ಸಾಲುತ್ತದೆ. ಬಡಿತ ಶುರುವಾಗುತ್ತದೆ, ಸವಾರನಿಗೆ ಕೇಳುವುದಿಲ್ಲ, ಏರಿನ ಮೇಲೆ ನಿಂತು ಕೇಳುವವರೂ ಅಲ್ಲಿಲ್ಲ. ಪಿಸ್ಟನ್ ತೂತು ಬೀಳುತ್ತದೆ. ಈ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಗಾಳಿ ಎಂದರೆ ಇದೇ. ಬೇರೆ ಗಾಳಿ ಇದೆ ಎಂದು ಅವರಿಗೆ ಯಾಕೆ ಹೊಳೆಯಬೇಕು. ದಿನಾ ಬ್ಯಾರೋಮೀಟರ್ ಓದುವ ನನಗೇ ಹೊಳೆದಿರಲಿಲ್ಲ.

ಓಟಕ್ಕೆ ಇನ್ನೂ ಸಮಯವಿತ್ತು. ಅಂದು ತಾರ ಕೊಟ್ಟರೆ ಮುಟ್ಟುತ್ತಿತ್ತು.

ಅಂಚೆ ಕಚೇರಿಗೆ ನಡೆಯುತ್ತ ನನ್ನ ತಲೆಯಲ್ಲಿ ಏನು ಓಡಿತು ಎಂಬುದನ್ನು ಮುಚ್ಚಿಡುವುದಿಲ್ಲ. ತಾರ ಕೊಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಪಿಸ್ಟನ್ ಸುಟ್ಟುಕೊಂಡು ಅವರು ಮರಳಿ ಬರುತ್ತಾರೆ. ಶನಿವಾರ ಮತ್ತೆ ಬಸ್ಸು, ಮತ್ತೆ ಕಮರಿಪೇಟೆ, ಮತ್ತೊಂದು ಮಳೆಗಾಲ. ನಾನೇನೂ ಮಾಡಬೇಕಾಗಿಲ್ಲ, ಸುಮ್ಮನೆ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಆಯಿತು. ಕಾಲು ನಿಧಾನವಾಯಿತು, ಆದರೆ ತಿರುಗಲಿಲ್ಲ. ಸೋತು ಬಂದ ಮನುಷ್ಯನ ಜೊತೆ ಕುಳಿತು, ಸೋಲಿನ ಕಾರಣ ಗೊತ್ತಿದ್ದೂ ಚಹಾ ಕುಡಿಯುವುದು ನನ್ನಿಂದ ಆಗುತ್ತಿರಲಿಲ್ಲ. ಇನ್ನೊಂದು ಮಾತೂ ಇದೆ. ಆ ಒಲೆ ನನ್ನದೂ ಹೌದು. ಅದು ಎಲ್ಲೋ ಪರದೇಶದ ಬಯಲಿನಲ್ಲಿ ಒಡೆದುಹೋಗುವುದು ನನಗೆ ಸಹಿಸುವಂತಿರಲಿಲ್ಲ.

ಹೆಡ್ಡಿನ ಕೆಳಗೆ ತಾಮ್ರದ ಒಂದು ತೆಳು ಬಿಲ್ಲೆ ಇರುತ್ತದೆ, ಗ್ಯಾಸ್ಕೆಟ್. ಎರಡು ಹಾಕಿದರೆ ಒಲೆ ತುಸು ದೊಡ್ಡದಾಗುತ್ತದೆ, ಒತ್ತಡ ಇಳಿಯುತ್ತದೆ. ಅಂಚಿನ ಸಂದಿಯೂ ಹಿಗ್ಗುತ್ತದೆ. ಕಣಕ ಒತ್ತಿ ಅಳೆದ ಕೆಲಸದಲ್ಲಿ ಅರ್ಧ ನೀರಿಗೆ ಹೋಗುತ್ತದೆ. ಆದರೆ ಎಂಜಿನ್ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಬರೆದು ಕೊಟ್ಟೆ. ಅರ್ಥ ಇಷ್ಟೇ: ಎರಡು ಗ್ಯಾಸ್ಕೆಟ್ ಹಾಕಿ, ಅಲ್ಲಿಯ ಗಾಳಿ ಭಾರ.

ತಾರದ ಗುಮಾಸ್ತರು ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಗಾಳಿ ಭಾರ ಅಂದ್ರ ಏನ್ರಿ ಬಾಯಾರ? ಯಾರಿಗರ ಹೆಚ್ಚುಕಮ್ಮಿ ಆಗೇದೇನು?"

"ಇಲ್ರಿ. ಮೋಟರ್ ಸೈಕಲ್ಲಿಗೆ."

"ಹಂಗಾರ ಛಲೋ ಆತು," ಎಂದು ಅವರು ಠಸ್ಸೆ ಹೊಡೆದರು.

ಆಮೇಲಿನ ದಿನಗಳಲ್ಲಿ ಮಳೆ ಪೂರ್ತಿ ನಿಂತಿತು. ಸುದ್ದಿ ಏನೂ ಬರಲಿಲ್ಲ. ಶನಿವಾರ ಬಂತು, ಬಸ್ಸಿನ ಹೊತ್ತಿಗೆ ಸೀರೆ ಬದಲಿಸಿ, ಹೋಗುವ ಕಡೆ ಇಲ್ಲ ಎಂದು ನೆನಪಾಗಿ, ಅದೇ ಸೀರೆಯಲ್ಲಿ ಕೂತು ಹುಡುಗರ ಜರ್ನಲ್ ತಿದ್ದಿದೆ. ಸಲೋಮಿಬಾಯಿ ಕಿಟಕಿಯಿಂದ ಇಣುಕಿ ನೋಡಿ ಏನೂ ಕೇಳದೆ ಹೋದರು. ಅಂಥ ಹೊತ್ತಿನಲ್ಲಿ ಕೇಳದಿರುವುದೇ ಉಪಕಾರ.

ಮರುವಾರ ಒಂದು ಸಂಜೆ ಹಿತ್ತಲ ಬಾಗಿಲಲ್ಲಿ ಅಂಬಾಬಾಯಿ ನಿಂತಿದ್ದರು. ಕಂಕುಳಲ್ಲಿ ಬಟ್ಟೆ ಕಟ್ಟಿದ ಡಬ್ಬಿ. ಖಾನಾವಳಿ ಬಿಟ್ಟು ಅವರು ಹೀಗೆ ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ಒಳಗೆ ಬಂದು ನೆಲದ ಮೇಲೆ ಕುಳಿತರು, ನೀರು ಕೇಳಿ ಕುಡಿದರು.

"ವಿಠಲ ಬರೂದಿಲ್ಲಂತ," ಅಂದರು.

ನಾನು ಗೋಡೆಗೆ ಒರಗಿದೆ.

"ಜೋಡಿ ಹೋಗಿದ್ದ ಗದಗಿನಾಂವ ನಿನ್ನೆ ಬಂದ. ಮೂರನೇದಾವ ಬಂದಾನಂತ. ಹಳೀ ಗಾಡಿ ಹೆಂಗ ಇಷ್ಟ ಓಡ್ತು ಅಂತ ಕಂಪನಿಯವರು ಬಂದು ಎಂಜಿನ್ ಬಿಚ್ಚಿಸಿ ನೋಡಿದ್ರಂತ. ಒಳಗ ಹಿತ್ತಾಳಿ ಕಂಡು ಬೆರಗಾಗಿ ಅಲ್ಲೇ ನೌಕರಿ ಕೊಟ್ಟಾರ. ಅರಿವಿ ಹಾಸಿಗಿ ಕಳಸು ಅಂದಾನ."

"ಛಲೋ ಆತಲ್ರಿ," ಎಂದೆ. ನನ್ನ ದನಿ ನನಗೇ ಬೇರೆಯವರದ್ದೆನಿಸಿತು.

"ಏನ ಛಲೋ. ಆ ಎಂಜಿನ್ ಅಲ್ಲೇ ಸುಟ್ಟ ಬೂದಿ ಆಗ್ಲಿ, ನನ್ನ ತಮ್ಮ ಮನಿಗೆ ಬರಲಿ ಅಂತ ಅಂಬಾಭವಾನಿಗೆ ಹರಕಿ ಹೊತ್ತಿದ್ದೆ. ನಿನ್ನ ಮುಂದ ಯಾಕ ಸುಳ್ಳ ಹೇಳ್ಲಿ."

"ನನಗೂ ಹಂಗ ಅನಿಸಿತ್ರಿ."

"ಆದ್ರ ತಾರಾ ಕೊಟ್ಟಿ."

ನಾನು ತಲೆಯೆತ್ತಿದೆ.

"ಗದಗಿನಾಂವ ಎಲ್ಲಾ ಹೇಳಿದ. ಮೊದಲನೇ ದಿನ ಸುಮ್ಮ ಓಡಿಸಿ ನೋಡಿದಾಗ ಬಡ್ಯಾಕತ್ತಿತ್ತಂತ. ಪೆಟ್ರೋಲ್ ಕೆಟ್ಟೈತಿ ಅಂತ ಮಂದಿನೆಲ್ಲಾ ಬೈಕೋತ ಕುಂತಿದ್ನಂತ ಇಂವ. ಸಂಜೀಕ ನಿನ್ನ ತಾರಾ ಬಂತಂತ. ಅದಕ್ಕ ಬಂದೇನಿ ನಾನು."

ಬೈಯಲು ಬಂದಿದ್ದಾರೆ ಎಂದುಕೊಂಡೆ. ಬೈಯಲಿ ಅನಿಸಿತು. ಅವರು ಡಬ್ಬಿಯ ಗಂಟು ಬಿಚ್ಚಿದರು. ಮಸಾಲೆಯ ಘಾಟು ಖೋಲಿ ತುಂಬಿತು.

"ಕಳಿಸಿಕೊಟ್ಟಾಕಿ ಇವತ್ತ ಒಬ್ಬಾಕಿನ ಉಣಬಾರದು," ಅಂದರು. "ತಾಟ ತಗಿ."

ನಾನು ಅಳುತ್ತಲೇ ಉಂಡೆ. ಖಾರದ ನೆಪ ಹೇಳಲಿಲ್ಲ, ಅವರೂ ಕೇಳಲಿಲ್ಲ. ಅವರು ನಡುನಡುವೆ ತಮ್ಮ ತಾಟಿನಿಂದ ನನ್ನ ತಾಟಿಗೆ ರೊಟ್ಟಿ ಮುರಿದು ಹಾಕುತ್ತಿದ್ದರು, ತಾವೂ ಮೂಗು ಒರೆಸಿಕೊಳ್ಳುತ್ತಿದ್ದರು. ಕತ್ತಲಾಗುವ ಮುಂಚೆ ಹುಬ್ಬಳ್ಳಿ ಬಸ್ಸು ಹಿಡಿಯಬೇಕೆಂದು ಹೊರಟರು. ರಸ್ತೆಯ ತಿರುವಿನವರೆಗೆ ಹೋಗಿ ಬಿಟ್ಟು ಬಂದು, ಬಚ್ಚಲಿನಲ್ಲಿ ಕುಳಿತೆ. ಆ ಖೋಲಿಗೆ ಬಂದ ಮೇಲೆ ನಾನು ಎರಡು ತಾಟು ತೊಳೆದದ್ದು ಅದೇ ಮೊದಲು.